ಮೂರು ಬಿಸಿನೆಸ್ ಪುಸ್ತಕ, ಒಂದು ಹಪ್ಪಳದ ಮನೆ: ಎಲ್ಲಿ ತಪ್ಪುತ್ತಿದ್ದೇನೆ?

ಘಟ್ಟದಂಚಿನವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಶಿರಸಿಯಿಂದ ಕುಮಟಾ ಕಡೆ ಹೋಗುವಾಗ ದೇವಿಮನೆ ಘಟ್ಟ ಇಳಿಯುವ ಮೊದಲೇ ಒಳಗೆ ತಿರುಗಿದರೆ ನಮ್ಮೂರು. ಬೆಂಗಳೂರಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. 2020ರ ಲಾಕ್‌ಡೌನ್‌ನಲ್ಲಿ ಮನೆಗೆ ಬಂದವನು ವಾಪಸ್ ಹೋಗಲಿಲ್ಲ. ತೋಟ ಅಪ್ಪ ನೋಡುತ್ತಾರೆ. ನಾನು ಮರುವರ್ಷ ಹಲಸಿನ ಹಪ್ಪಳ ಶುರು ಮಾಡಿದೆ. ಮೊದಲು ಅಮ್ಮ, ಹೆಂಡತಿ, ನಾನು ಮೂರೇ ಜನ. ಆಮೇಲೆ ಊರಿನ ಆರು ಹೆಂಗಸರು ಸೇರಿಕೊಂಡರು.

ಹೋದ ವರ್ಷ 70 ದಿನ ಕೆಲಸ ನಡೆಯಿತು. 25 ಹಪ್ಪಳದ ಕಟ್ಟು ಸುಮಾರು 2,200 ಹೋಯಿತು. ಕಟ್ಟಿಗೆ ನನ್ನ ಕೈಗೆ 110 ರೂಪಾಯಿ. ಈ ವರ್ಷ ದೊಡ್ಡದು ಮಾಡೋಣ ಅಂತ ಇನ್ನೂ ಇಬ್ಬರನ್ನು ಕರೆದೆ. ಈಗ ಎಂಟು ಜನ, ದಿನಕ್ಕೆ ತಲಾ 400 ರೂಪಾಯಿ ಕೂಲಿ. ಆದರೆ ಕಟ್ಟು ಹೋದ ವರ್ಷದಷ್ಟೇ ಆಗುತ್ತಿದೆ. ಮೊನ್ನೆ ಒಂದು ಡಬ್ಬ ತೆಗೆದು ನೋಡಿದರೆ ಬೂಸಲು ಬೇರೆ.

ನಾನು ಓದುವ ಜಾತಿ. ತೊಂದರೆ ಬಂದರೆ ಪುಸ್ತಕ ತರಿಸುತ್ತೇನೆ. ಮೈಕೆಲ್ ಗರ್ಬರ್ ಅವರ ‘ಇ-ಮಿಥ್ ರೀವಿಸಿಟೆಡ್’ ಓದಿದೆ. ಅದರಲ್ಲಿ ಪೈ ಮಾಡುವ ಒಬ್ಬ ಹೆಂಗಸಿನ ಕತೆ ಬರುತ್ತದೆ. ಕೈಯಲ್ಲಿ ಕಸುಬು ಇದೆ ಅಂದ ಮಾತ್ರಕ್ಕೆ ವ್ಯಾಪಾರವೂ ಬರುತ್ತದೆ ಅಂತಲ್ಲ, ನೀನಿಲ್ಲದಿದ್ದರೂ ಕೆಲಸ ಒಂದೇ ರೀತಿ ನಡೆಯುವ ಹಾಗೆ ಪದ್ಧತಿ ಬರೆದಿಡು ಅಂತ ಅವರ ಮಾತು. ಸರಿ ಅನ್ನಿಸಿತು. ಹಿಟ್ಟಿನ ಅಳತೆ ಪೂರ್ತಿ ಗ್ರಾಂ ಲೆಕ್ಕದಲ್ಲಿ ಬರೆದು, ಪ್ಲಾಸ್ಟಿಕ್ ಕವರ್ ಹಾಕಿ ಗೋಡೆಗೆ ಅಂಟಿಸಿದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬರಿದ್ದಾರೆ, ನಾವೆಲ್ಲ ದೊಡ್ಡಕ್ಕ ಅನ್ನುತ್ತೇವೆ. ಅವರು ಹಾಳೆ ನೋಡಿದರು. ಏನೂ ಹೇಳಲಿಲ್ಲ. ಮರುದಿನ ಹಿಟ್ಟು ಹದ ಮಾಡಲು ಬರಲೇ ಇಲ್ಲ, ಹೋಗಿ ತೊಳೆ ಬಿಡಿಸಲು ಕೂತರು. ಹಾಳೆ ನೋಡಿಕೊಂಡು ಹಿಟ್ಟು ಮಾಡಿದ್ದು ನಾನು. ಅವತ್ತಿನ ಹಪ್ಪಳದ ಅಂಚೆಲ್ಲ ಸೀಳು ಸೀಳು.

ಆಮೇಲೆ ಎರಿಕ್ ರೀಸ್ ಅವರ ‘ಲೀನ್ ಸ್ಟಾರ್ಟಪ್’. ಸಣ್ಣದಾಗಿ ಮಾಡು, ಗಿರಾಕಿಗೆ ಕೊಟ್ಟು ನೋಡು, ಅಳೆ, ಕಲಿ. 2024ರ ಮಾರಿಕಾಂಬಾ ಜಾತ್ರೆಯಲ್ಲಿ ಮಸಾಲೆ ಹಪ್ಪಳದ ಹತ್ತರ ಪೊಟ್ಟಣ ಇಟ್ಟುಕೊಂಡು ಕೂತೆ. ಮೂರೇ ದಿನದಲ್ಲಿ ಖಾಲಿ! ಆಹಾ, ಅಳೆದಾಯಿತು ಅಂತ ಊರಿಗೆ ಬಂದು ಸಾವಿರ ಪೊಟ್ಟಣ ಮಾಡಿದೆ. ಅರ್ಧದಷ್ಟು ಇನ್ನೂ ಅಟ್ಟದ ಮೇಲಿದೆ. ಜಾತ್ರೆಯಲ್ಲಿ ಜನ ತೊಟ್ಟಿಲಲ್ಲಿ ಕೂತು ಇಳಿದ ಖುಷಿಗೆ ಏನು ಬೇಕಾದರೂ ಕೊಳ್ಳುತ್ತಾರೆ ಅಂತ ಆಗ ಹೊಳೆಯಲಿಲ್ಲ ನೋಡಿ.

ಮೂರನೆಯದು ಜಿಮ್ ಕಾಲಿನ್ಸ್ ಅವರ ‘ಗುಡ್ ಟು ಗ್ರೇಟ್’. ಮೊದಲು ಸರಿಯಾದ ಜನರನ್ನು ಬಸ್ಸಿಗೆ ಹತ್ತಿಸು, ತಪ್ಪು ಜನರನ್ನು ಇಳಿಸು, ಆಮೇಲೆ ಬಸ್ಸು ಎಲ್ಲಿಗೆ ಅಂತ ನೋಡು. ನಮ್ಮೂರಿಗೆ ಬರುವ ಬಸ್ಸೇ ದಿನಕ್ಕೆ ಎರಡು. ಯಾರನ್ನು ಇಳಿಸಲಿ? ಇಳಿಸಿದರೆ ಸಂಜೆ ಹಾಲಿನ ಡೇರಿಯಲ್ಲಿ ಅವರದೇ ಮುಖ ನೋಡಬೇಕು.

ನನ್ನ ಪ್ರಶ್ನೆ ಇಷ್ಟೇ. ಎಂಟು ಜನ ಆದರೂ ಕಟ್ಟು ಯಾಕೆ ಹೆಚ್ಚಾಗಲಿಲ್ಲ? ನನಗೆ ಜನರನ್ನು ನಡೆಸಿಕೊಂಡು ಹೋಗಲು ಬರುವುದಿಲ್ಲವಾ? ಅಥವಾ ಈ ಪುಸ್ತಕಗಳೇ ನಮ್ಮಂಥವರಿಗಲ್ಲವಾ? ಸಣ್ಣ ಉದ್ಯೋಗ ಮಾಡುವವರು ಯಾರಾದರೂ ಹೇಳಿ.

ಲೆಕ್ಕದವ ಕುಮಟಾ:

ಹದಿನೆಂಟು ವರ್ಷದಿಂದ ಅಂಗಡಿಯವರ ಲೆಕ್ಕ ಬರೆಯುತ್ತಿದ್ದೇನೆ. ಪುಸ್ತಕದ ವಿಷಯ ಮೊದಲು ಮುಗಿಸುತ್ತೇನೆ. ನೀವು ಹೇಳಿದ ‘ಗುಡ್ ಟು ಗ್ರೇಟ್’ ಬಂದದ್ದು 2001ರಲ್ಲಿ. ಅದರಲ್ಲಿ ಶಹಬ್ಬಾಸ್ ಅನ್ನಿಸಿಕೊಂಡ ಕಂಪನಿಗಳು ಹನ್ನೊಂದು. ಅವುಗಳಲ್ಲಿ ಒಂದಾದ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಫ್ಯಾನಿ ಮೇ ಅನ್ನು ಅಮೆರಿಕದ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಗೆದ್ದವರನ್ನು ಮಾತ್ರ ಸಾಲಾಗಿ ನಿಲ್ಲಿಸಿ, ಇವರು ಯಾಕೆ ಗೆದ್ದರು ಅಂತ ಕೇಳಿದರೆ ಉತ್ತರ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ಓದಿ, ಬೇಡ ಅನ್ನುವುದಿಲ್ಲ. ಜಾತಕದ ಹಾಗೆ ನಂಬಬೇಡಿ.

ಈಗ ನಿಮ್ಮ ಲೆಕ್ಕ. ಹೋದ ವರ್ಷ 2,200 ಕಟ್ಟು, 110ರಂತೆ 2,42,000. ಆರು ಜನಕ್ಕೆ 400ರಂತೆ 70 ದಿನ, 1,68,000. ಉಳಿದದ್ದು 74,000. ಅಮ್ಮನ ಕೂಲಿ ಎಲ್ಲಿ? ಹೆಂಡತಿಯದು? ಇಬ್ಬರಿಗೆ 56,000 ಹಿಡಿದರೆ ಕೈಯಲ್ಲಿ 18,000. ಅದರಲ್ಲೇ ಮೆಣಸು, ಜೀರಿಗೆ, ಗ್ಯಾಸು, ಪ್ಲಾಸ್ಟಿಕ್ಕು, ಬಸ್ಸಿಗೆ ಹಾಕಿದ ಪಾರ್ಸೆಲ್ ಎಲ್ಲ ಬರಬೇಕು. ನಿಮ್ಮ ಸ್ವಂತ ಕೂಲಿ ಕೇಳಲೇ ಇಲ್ಲ. ದೊಡ್ಡದು ಮಾಡುವ ಮೊದಲು ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕಿತ್ತು. ಹಿಟ್ಟಿನ ಅಳತೆ ದೊಡ್ಡಕ್ಕನಿಗೆ ಗೊತ್ತಿತ್ತಲ್ಲ.

ಇನ್ನೊಂದು. ನಿಮ್ಮ ಶಿರಸಿಯಲ್ಲೇ ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ, ಟಿಎಸ್‌ಎಸ್, 1923ರಿಂದ ಇದೆ. ಯಾರ್ಡಿಗೆ ಹೋದಾಗ ನೋಡಿರುತ್ತೀರಿ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಚಾಲಿ, ಗೋಟು ಅಂತ ನಮೂನೆಗಳೆಲ್ಲ ಬೇರೆ ಬೇರೆ, ದರವೂ ಬೇರೆ ಬೇರೆ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ಒಯ್ದರೆ ಯಾವ ದರ ಸಿಕ್ಕೀತು? ನೀವು ಹಪ್ಪಳಕ್ಕೆ ಮಾಡುತ್ತಿರುವುದು ಅದೇ. ಗುಂಡಗೆ ತೆಳ್ಳಗೆ ಇರುವುದನ್ನು ಬೇರೆ ಕಟ್ಟಿ ಬೆಂಗಳೂರಿಗೆ ಕಳಿಸಿ. ಸೀಳಿದ್ದು, ಮುರಿದದ್ದನ್ನು ಕಿಲೋ ಲೆಕ್ಕದಲ್ಲಿ ಖಾನಾವಳಿಗೆ ಕೊಡಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಆ ಹೆದರಿಕೆ ಬೇಡ. ಮುಂದೆ ಉಪ್ಪಿನಕಾಯಿ ಶುರು ಮಾಡುವುದಾದರೆ ಅದಕ್ಕೆ ಇದೆ, ಆಗ ನೋಡೋಣ.

ಬಂದರಿನ ಗಾಳಿ:

ಕಾರವಾರ, ಬೈತಖೋಲ್. ನಮ್ಮದು ಬೋಟುಗಳಿಗೆ ಐಸ್ ಕೊಡುವ ಕೆಲಸ.

ಮಾರಾಯಾ, ನೀನು ಓದಬೇಕಾದ ಪುಸ್ತಕ ಬಿಟ್ಟು ಉಳಿದದ್ದೆಲ್ಲ ಓದಿದ್ದೀಯ. ಎಲಿಯಾಹು ಗೋಲ್ಡ್‌ರಾಟ್ ಅಂತ ಇಸ್ರೇಲಿನ ಭೌತಶಾಸ್ತ್ರದ ಮನುಷ್ಯ, 1984ರಲ್ಲಿ ‘ದಿ ಗೋಲ್’ ಬರೆದ. ಕಾದಂಬರಿ ಥರ ಓದಿಸಿಕೊಂಡು ಹೋಗುತ್ತದೆ. ಕಾರ್ಖಾನೆ ಮ್ಯಾನೇಜರ್ ಒಬ್ಬ ಮಗನ ಸ್ಕೌಟ್ ಹುಡುಗರನ್ನು ಕಾಡುದಾರಿಯಲ್ಲಿ ನಡೆಸಿಕೊಂಡು ಹೊರಡುತ್ತಾನೆ. ಹರ್ಬಿ ಅಂತ ಒಬ್ಬ ದಪ್ಪ ಹುಡುಗ ನಿಧಾನ. ಮುಂದಿನವರು ಎಷ್ಟು ಓಡಿದರೂ ಇಡೀ ಸಾಲು ಊರು ಮುಟ್ಟುವುದು ಹರ್ಬಿ ಮುಟ್ಟಿದಾಗಲೇ. ಕೊನೆಗೆ ಅವನನ್ನೇ ಸಾಲಿನ ಮುಂದೆ ನಿಲ್ಲಿಸಿ, ಅವನ ಚೀಲದ ಭಾರ ಉಳಿದವರಿಗೆ ಹಂಚುತ್ತಾರೆ. ಸಾಲು ಓಡುತ್ತದೆ.

ನನಗೆ ಇದು ಓದುವ ಮೊದಲೇ ಪೆಟ್ಟು ತಿಂದು ಗೊತ್ತಾಗಿತ್ತು. ಐಸ್ ಗಡ್ಡೆ ಹೊರಲು ಆರು ಜನ ಇಟ್ಟಿದ್ದೆ, ಪುಡಿ ಮಾಡುವ ಮಷೀನು ಒಂದೇ. ಬೋಟಿನವರು ಬೈಯುತ್ತಿದ್ದರು ಅಂತ ಇನ್ನೂ ಇಬ್ಬರನ್ನು ಹಾಕಿದೆ. ಏನಾಯಿತು? ಮಷೀನಿನ ಎದುರು ಗಡ್ಡೆ ರಾಶಿ ಬಿದ್ದು ಕರಗಿ ನೀರಾಯಿತು, ಎಂಟು ಜನ ಬೀಡಿ ಸೇದುತ್ತಾ ನಿಂತರು. ಅವರು ಸೋಮಾರಿಗಳಲ್ಲ, ಕಾಯುತ್ತಿದ್ದರು ಅಷ್ಟೆ.

ನಾಯಕತ್ವದ ಪ್ರಶ್ನೆ ಆಮೇಲೆ ಇಟ್ಟುಕೋ. ನಾಳೆ ಒಂದು ದಿನ ಏನೂ ಮಾಡದೆ ಸುಮ್ನೆ ಕೂತು ನೋಡು, ನಿಮ್ಮಲ್ಲಿ ರಾಶಿ ಎಲ್ಲಿ ಬೀಳುತ್ತದೆ ಅಂತ.

ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ಬೋಟು ನೀರಿಗೆ ಇಳಿಯುವುದಿಲ್ಲ. ತಾಜಾ ಮೀನು ಕಡಿಮೆ, ಇದ್ದರೂ ತುಟ್ಟಿ. ಗಂಜಿ ಊಟಕ್ಕೆ ಒಣಮೀನು, ಹಪ್ಪಳವೇ ಗತಿ. ಜಾತ್ರೆ ಬಿಡು, ಮೇ ಕೊನೆಗೆ ಇಲ್ಲಿಗೆ ತಂದುಕೊಡು. ಮಸಾಲೆ ಪೊಟ್ಟಣ ಬೇಡ, ಖಾರ ಜಾಸ್ತಿ ಇರುವ ಹಳೇ ನಮೂನೆಯದೇ ಇರಲಿ.

ಘಟ್ಟದಂಚಿನವ:

ಕುಮಟಾದ ಅಣ್ಣ, ಅಮ್ಮನ ಕೂಲಿಯ ಸಾಲು ಹೆಂಡತಿಗೆ ಓದಿ ಹೇಳಿದೆ. ನಿಮ್ಮ ವಿಳಾಸ ಕೇಳಿದಳು, ಸನ್ಮಾನ ಮಾಡಬೇಕಂತೆ.

ಕಾರವಾರದವರೇ, ಇವತ್ತು ಬೆಳಿಗ್ಗೆಯಿಂದ ಜಗಲಿ ಮೇಲೆ ಕೂತು ನೋಡಿದೆ. ಐದು ಜನ ಮಣೆ ಮೇಲೆ ಒತ್ತುತ್ತಾರೆ. ದಿನಕ್ಕೆ 1,300 ಹಪ್ಪಳ ಆಗುತ್ತದೆ. ಹೋದ ವರ್ಷ ಮೂರು ಜನ ಒತ್ತುತ್ತಿದ್ದರು, 800. ರಾಶಿ ಬೀಳುವುದು ತಾರಸಿಗೆ ಹೋಗುವ ಮೆಟ್ಟಿಲ ಮೇಲೆ! ತಾರಸಿ ತುಂಬ ಹಾಸಿದರೆ 1,600 ಹಿಡಿಯುತ್ತದೆ, ಒಣಗಲು ಎರಡು ದಿನ ಬಿಸಿಲು ಬೇಕು. ಅಂದರೆ ದಿನಕ್ಕೆ 800. ಹೋದ ವರ್ಷವೂ ಅಷ್ಟೇ, ಈ ವರ್ಷವೂ ಅಷ್ಟೇ. ಉಳಿದ 500ಕ್ಕೆ ಜಾಗ ಇಲ್ಲದೆ ಮೊದಲಿನದನ್ನು ಅರ್ಧ ಒಣಗಿದಾಗಲೇ ಬಾಚಿ ಬುಟ್ಟಿಗೆ ಹಾಕುತ್ತಿದ್ದಾರೆ. ಬೂಸಲು ಬರದೆ ಇನ್ನೇನು. ನಾಲ್ಕು ತಿಂಗಳಿಂದ ನಾನು ಜನರ ಉತ್ಸಾಹದ ಬಗ್ಗೆ ಓದುತ್ತಿದ್ದೆ.

ಹೊಸದಾಗಿ ಬಂದ ಇಬ್ಬರಿಗೆ ಬೇಡ ಅನ್ನುವುದು ಹೇಗೆ ಅಂತ ಈಗ ಚಿಂತೆ.

ಸಿದ್ದಾಪುರದಕ್ಕ:

ತಮಾ, ಅವರನ್ನು ಯಾಕೆ ಕಳಿಸುತ್ತೀಯ? ನಾನು ಇಪ್ಪತ್ತೆರಡು ವರ್ಷದಿಂದ ಹಪ್ಪಳ ಮಾಡಿಸುತ್ತಿದ್ದೇನೆ, ಪುಸ್ತಕ ಒಂದೂ ಓದಿಲ್ಲ. ಆ ದಪ್ಪ ಹುಡುಗನ ಕತೆ ಇಷ್ಟವಾಯಿತು. ನಿನ್ನ ಮನೆಯ ಹರ್ಬಿ ಬಿಸಿಲು.

ಮಾರ್ಚ್ ಕೊನೆಗೆ ಅಡಿಕೆ ಕೆಲಸ ಮುಗಿದು ಎಲ್ಲರ ಮನೆಯ ಅಟ್ಟ, ಅಂಗಳ ಖಾಲಿ ಇರುತ್ತದೆ. ಪಕ್ಕದ ಮನೆಯವರ ಹತ್ತಿರ ಕೇಳು. ಬಾಡಿಗೆ ಕೊಡಬೇಡ, ಬೇಜಾರು ಮಾಡಿಕೊಳ್ಳುತ್ತಾರೆ. ಸೀಸನ್ ಮುಗಿದ ಮೇಲೆ ಹತ್ತು ಕಟ್ಟು ಹಪ್ಪಳ ಕೊಡು. ಹೊಸಬರಿಬ್ಬರೂ ಒತ್ತುವುದು ಬಿಟ್ಟು ಅಲ್ಲಿ ಹಾಸಲಿ, ಮಧ್ಯಾಹ್ನ ಮಗುಚಲಿ, ಕಾಗೆ ಕಾಯಲಿ.

ಎರಡನೆಯದು, ಹನ್ನೊಂದು ಗಂಟೆ ಮೇಲೆ ಒತ್ತಿಸಬೇಡ. ಮಧ್ಯಾಹ್ನ ಹಾಸಿದ ಹಪ್ಪಳಕ್ಕೆ ಆ ದಿನದ ಬಿಸಿಲು ಅರ್ಧ ಹೋಗಿರುತ್ತದೆ, ಅದು ಮೂರನೇ ದಿನವೂ ಜಾಗ ಹಿಡಿದು ಕೂರುತ್ತದೆ. ಬೆಳಗಿನ ಜಾವ ಬೇಯಿಸಿ ಕುಟ್ಟಿ, ತಿಂಡಿ ಹೊತ್ತಿಗೆ ಮಣೆ ಮೇಲೆ ಬರಬೇಕು. ಮಧ್ಯಾಹ್ನದ ಮೇಲೆ ನಾಳೆಯ ಕಾಯಿ ಇಳಿಸಿ, ನಿನ್ನೆಯದು ಕಟ್ಟು ಕಟ್ಟಿ.

ನಿನ್ನ ದೊಡ್ಡಕ್ಕನ ವಿಷಯ. ಒಂದೊಂದು ಮರದ ಕಾಯಿಗೆ ಒಂದೊಂದು ಹದ. ಒಂದು ನೀರು ನೀರು, ಇನ್ನೊಂದು ಹಿಟ್ಟು ಹಿಟ್ಟು. ಗ್ರಾಂ ಬರೆದರೆ ಹೇಗೆ ಆಗುತ್ತದೆ? ಅವರು ನೋಡುವುದು ಉಂಡೆಯನ್ನು. ಅಂಗೈಯಲ್ಲಿ ಒತ್ತಿದಾಗ ಅಂಚು ಬಿರಿಯಬಾರದು, ಬೆರಳಿಗೆ ಅಂಟಲೂಬಾರದು. ಅದನ್ನು ಬರೆದುಕೋ. ಅವರ ಹತ್ತಿರವೇ ಕೇಳಿ ಬರೆದುಕೋ.

ಘಟ್ಟದಂಚಿನವ:

ಅಕ್ಕಾ, ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಪಕ್ಕದ ಎರಡು ಮನೆಯ ಅಂಗಳ ಸಿಕ್ಕಿತು. ದಿನಕ್ಕೆ 1,200ರ ಹತ್ತಿರ ಒಣಗಿ ಇಳಿಯುತ್ತಿದೆ. ಗೋಡೆಯ ಹಾಳೆ ಕಿತ್ತೆ. ದೊಡ್ಡಕ್ಕನ ಎದುರು ಪೆನ್ನು ಹಿಡಿದು ಕೂತರೆ ಮೊದಲು ನಗಾಡಿದರು. ಆಮೇಲೆ ನಾಲ್ಕು ಸಾಲು ಹೇಳಿದರು, ಐದನೆಯದಕ್ಕೆ ‘ಅದೆಲ್ಲ ಕೈಗೆ ಗೊತ್ತಾಗುತ್ತದೆ’ ಅಂದುಬಿಟ್ಟರು. ನಾಲ್ಕೇ ಅಂಟಿಸಿದ್ದೇನೆ. ಇವತ್ತು ಹಿಟ್ಟಿಗೆ ಅವರೇ ಬಂದು ಕೂತರು.

ಬೂಸಲು ಬಂದ ಹಪ್ಪಳ ಎರಡು ಡಬ್ಬ ಇದೆ. ಒರೆಸಿ ಮತ್ತೆ ಬಿಸಿಲಿಗೆ ಹಾಕಿದರೆ ನಡೆಯುತ್ತದಾ?

ಸಿದ್ದಾಪುರದಕ್ಕ:

ಬೇಡ ತಮಾ. ಮಾರಲೂ ಬೇಡ, ದನಕ್ಕೂ ಹಾಕಬೇಡ, ಗೊಬ್ಬರದ ಗುಂಡಿಗೆ ಹಾಕು. ಇನ್ನು ಮೇಲೆ ಬಿಸಿಲಿಂದ ತೆಗೆದ ಕೂಡಲೇ ಡಬ್ಬ ತುಂಬಬೇಡ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ. ಸಂಜೆ ನೆರಳಲ್ಲಿ ಆರಲು ಬಿಟ್ಟು, ಒಂದು ಮುರಿದು ನೋಡು. ಟಕ್ ಅಂದರೆ ಮಾತ್ರ ಕಟ್ಟು ಕಟ್ಟಿಸು.