ಮಿಲ್ಟ್ರಿಯಿಂದ ಬಂದ ಮೇಲೆ ಮನೆಯವರಿಗೆ ನಿದ್ದೆ ಇಲ್ಲ, ಡಾಕ್ಟರ್ ಹತ್ರ ಬರಲ್ಲ ಅಂತಾರೆ. ನಾನೊಬ್ಬಳೇ ಎಲ್ಲಿಗೆ ಹೋಗಲಿ?

ಪ್ರಶ್ನೆ: ಸೈನಿಕರ ಮನೆಯವಳು, ಬೈಲಹೊಂಗಲ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಕೊನೆಗೆ ರಾಷ್ಟ್ರೀಯ ರೈಫಲ್ಸ್ ಜೊತೆ ಕುಪ್ವಾರಾ ಕಡೆ ಇದ್ದರು. ಊರಿಗೆ ಬಂದಾಗ ಹಾರ ಹಾಕಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದ್ದರು.

ಈಗ ರಾತ್ರಿ ನಿದ್ದೆಯೇ ಇಲ್ಲ. ನಡುರಾತ್ರಿ ಎದ್ದು ಬಾಗಿಲ ಚಿಲಕ ನೋಡುತ್ತಾರೆ, ಹಿತ್ತಲು ಸುತ್ತಿ ಬರುತ್ತಾರೆ. ಬಸವ ಜಯಂತಿ ದಿನ ಪಟಾಕಿ ಸಿಡಿದಾಗ ಮಗಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು. ಅವಳ ಕೈ ಬಾತುಕೊಂಡಿತು. ಆಮೇಲೆ ಅದನ್ನು ನೋಡಿ ಅವರೇ ಅತ್ತರು. ಮೊದಲು ಕ್ಯಾಂಟೀನ್ ರಮ್ ಅಪರೂಪಕ್ಕೆ ಇತ್ತು, ಈಗ ದಿನಾ ಬೇಕು. ಹೊಲದ ಪಾಲಿಗಾಗಿ ಮೈದುನನ ಜೊತೆ ಜಗಳ ಬೇರೆ. ಬ್ಯಾಂಕಿನಲ್ಲಿ ಗಾರ್ಡ್ ಕೆಲಸ ಮಾಡುತ್ತಾರೆ, ಲೈಸೆನ್ಸ್ ಬಂದೂಕು ಮನೆಯಲ್ಲೇ ಇರುತ್ತದೆ.

ಡಾಕ್ಟರ್ ಅಂದರೆ ಸಾಕು, "ನನಗೇನ್ ಹುಚ್ಚ ಹಿಡದೈತೇನ?" ಅಂತಾರೆ. ಮನಸ್ಸಿನ ಡಾಕ್ಟರ್ ಚೀಟಿ ಆದರೆ ಪೆನ್ಷನ್ ನಿಲ್ಲುತ್ತದೆ ಅಂತ ಯಾರೋ ಅವರ ತಲೆಯಲ್ಲಿ ತುಂಬಿದ್ದಾರೆ. ನಮ್ಮ ಅತ್ತೆ ದೇವರ ಹೇಳಿಕೆ ಕೇಳೋಣ ಅಂತಾರೆ. ನಮ್ಮ ಮನೆಯವರು ಕೆಟ್ಟವರಲ್ಲ. ಮಗಳೆಂದರೆ ಪ್ರಾಣ. ಅವರು ಬರದೇ ಇದ್ದರೂ ನಾನೊಬ್ಬಳೇ ಯಾರ ಹತ್ರ ಹೋಗಬಹುದು? ಗೊತ್ತಿದ್ದವರು ಹೇಳಿ.

ಉತ್ತರ 1: ಮಾಜಿ ಸೈನಿಕ, ಸವದತ್ತಿ

ತಂಗಿ, ಧೈರ್ಯ ತಗೋ. ಪಲ್ಟನ್ ಬಿಟ್ಟು ಬಂದ ಹೊಸದರಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆ. ಬೆಳಿಗ್ಗೆ ಓಡಲಿ, ಹೊಲದಲ್ಲಿ ದುಡಿಯಲಿ. ಮನೆಯಲ್ಲಿರೋ ಬಾಟಲಿ ಎಲ್ಲ ಇವತ್ತೇ ಚೆಲ್ಲಿಬಿಡು. ತಾನೇ ಸರಿಹೋಗುತ್ತಾರೆ.

ಉತ್ತರ 2: ನಿವೃತ್ತ ನರ್ಸಿಂಗ್ ಸುಬೇದಾರ್, ಖಾನಾಪುರ

ಸವದತ್ತಿ ಅಣ್ಣನವರು ಪ್ರೀತಿಯಿಂದ ಹೇಳಿದ್ದಾರೆ. ಆದರೆ ಬಾಟಲಿ ಚೆಲ್ಲುವ ಮಾತನ್ನು ದಯವಿಟ್ಟು ಮಾಡಬೇಡಿ ತಂಗಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಬೆವರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣಿಸಿ, ತಾವು ಎಲ್ಲಿದ್ದೇವೆ ಅಂತಲೇ ತಿಳಿಯದ ಹಾಗೆ ಆಗುತ್ತಾರೆ. ಜೀವಕ್ಕೂ ಅಪಾಯ. ಕುಡಿತ ಬಿಡಿಸುವುದು ಡಾಕ್ಟರ್ ಕೈಕೆಳಗೇ ಆಗಬೇಕು. ನಾನು ಮಿಲ್ಟ್ರಿ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ಕೆಲಸ ಮಾಡಿದವನು, ಇದನ್ನು ಕಣ್ಣಾರೆ ಕಂಡಿದ್ದೇನೆ.

ಎಲ್ಲಕ್ಕಿಂತ ಮೊದಲು ಬಂದೂಕು. ಅದು ಈಗ ಮನೆಯಲ್ಲಿ ಇರಬಾರದು. ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡಿ ರಸೀದಿ ತಗೋತೀರಲ್ಲ, ಹಾಗೇ ಈಗಲೂ ಇಡಬಹುದಾ ಅಂತ ಠಾಣೆಯಲ್ಲಿ ಕೇಳಿ. ಲೈಸೆನ್ಸ್ ಇರುವ ಬಂದೂಕು ಅಂಗಡಿಯವರೂ ಇಟ್ಟುಕೊಳ್ಳುತ್ತಾರೆ. ಈ ಮಾತನ್ನು ನೀವು ಎತ್ತಬೇಡಿ. ಅವರ ಜೊತೆ ನೌಕರಿ ಮಾಡಿದ ಒಬ್ಬರಿಂದ ಹೇಳಿಸಿ. ಹೆಂಡತಿ ಹೇಳಿದರೆ ಅವಮಾನ ಅನಿಸುತ್ತದೆ. ಜೊತೆಗಾರ ಹೇಳಿದರೆ ಕೇಳುತ್ತಾರೆ.

ಪೆನ್ಷನ್ ವಿಷಯ ಕೇಳಿ. ಸೇವೆ ಮಾಡಿ ಗಳಿಸಿದ ಪೆನ್ಷನ್ ಅದು. ನಿದ್ದೆಗೆ, ಮನಸ್ಸಿಗೆ ಔಷಧಿ ತಗೊಂಡರು ಅಂತ ಯಾರೂ ನಿಲ್ಲಿಸುವ ಹಾಗಿಲ್ಲ. ವರ್ಷಕ್ಕೊಮ್ಮೆ ಕೊಡೋದು ಜೀವನ ಪ್ರಮಾಣ ಪತ್ರ, ಅಷ್ಟೇ. ಆರೋಗ್ಯದ ಪತ್ರ ಯಾರೂ ಕೇಳಲ್ಲ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅನ್ನೋದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಬಂದೂಕಿನ ಲೈಸೆನ್ಸ್ ಮಾತ್ರ ಬೇರೆ, ಅದಕ್ಕೆ ಬೇರೆ ಕಾನೂನು. ಅಲ್ಲಿ ಸುಳ್ಳು ಭರವಸೆ ಕೊಡಲಾರೆ. ಆದರೆ ಗಾರ್ಡ್ ಕೆಲಸಕ್ಕಿಂತ ಅವರ ಜೀವ ದೊಡ್ಡದು.

ಅವರಿಗೆ ಏನಾಗಿದೆ ಅಂತ ನಾನು ಇಲ್ಲಿ ಕೂತು ಹೇಳಲ್ಲ, ಅದು ಡಾಕ್ಟರ್ ಕೆಲಸ. ಆದರೆ ನೀವು ಬರೆದದ್ದು ನನಗೆ ಹೊಸದಲ್ಲ. ವರ್ಷಗಟ್ಟಲೆ ಯಾವ ಸದ್ದಿಗೆ ಯಾವ ಕಡೆ ಹಾರಬೇಕು ಅಂತ ಕಲಿತ ಮೈ ಅದು. ಕುಪ್ವಾರಾದಲ್ಲಿ ಅದೇ ಅಭ್ಯಾಸ ಅವರನ್ನು ಉಳಿಸಿತು. ಊರಿಗೆ ಬಂದೆವು ಅಂತ ಆ ಮೈಗೆ ಇನ್ನೂ ಗೊತ್ತಾಗಿಲ್ಲ. ಅವತ್ತು ಅವರು ಮಗಳನ್ನು ಹೊಡೆಯಲು ಎಳೆದಿದ್ದಲ್ಲ, ಕಾಪಾಡಲು ಎಳೆದದ್ದು. ರಮ್ ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ ನಿಜ. ಅದರ ಅಮಲು ಇಳಿಯುತ್ತಿದ್ದಂತೆ ನಡುರಾತ್ರಿ ಎಚ್ಚರ ಆಗುತ್ತದೆ, ಕೆಟ್ಟ ಕನಸು ಜಾಸ್ತಿ ಆಗುತ್ತದೆ. ಮರುದಿನ ಇನ್ನೂ ಒಂದು ಪೆಗ್ ಹೆಚ್ಚು ಬೇಕಾಗುತ್ತದೆ. ಇದಕ್ಕೆ ಔಷಧಿ ಇದೆ, ಮಾತಿನ ಚಿಕಿತ್ಸೆಯೂ ಇದೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ತಗೊಂಡು ಏನೂ ಆಗಲಿಲ್ಲ ಅಂತ ಬಿಡಬಾರದು.

ಎಲ್ಲಿಗೆ ಹೋಗೋದು ಅಂದರೆ, ನೀವೊಬ್ಬರೇ ಇವತ್ತೇ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳಗಾವಿಯಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಅಂದರೆ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಇದೆ, ಅಲ್ಲಿಂದ ರೆಫರಲ್ ಸಿಗುತ್ತದೆ. ನಿಮ್ಮ ಹೆಸರಿನ ಕಾರ್ಡ್ ಇದ್ದರೆ ನಿಮ್ಮ ಆರೋಗ್ಯಕ್ಕಾಗಿ ನೀವೇ ಹೋಗಬಹುದು. ನಿಮಗೂ ನಿದ್ದೆ ಇಲ್ಲ ಅಲ್ವಾ? ಧಾರವಾಡದ ಡಿಮ್ಹಾನ್ಸ್ ಬೈಲಹೊಂಗಲಕ್ಕೆ ದೂರವಿಲ್ಲ, ಅದು ಮನಸ್ಸಿನ ಕಾಯಿಲೆಗೇ ಇರುವ ಸರ್ಕಾರಿ ಸಂಸ್ಥೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡೂ ಇದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಅಂತ ಕೇಳಿ.

ಸಾಯುವ ಮಾತಾಡಿದರೆ, ಯಾರ ಮೇಲಾದರೂ ಕೈ ಮಾಡಿದರೆ ಕಾಯಬೇಡಿ. 112 ಒತ್ತಿ, ಮಗಳನ್ನು ಕರಕೊಂಡು ಪಕ್ಕದ ಮನೆಗೆ ಹೋಗಿ.

ಉತ್ತರ 3: ಹುಕ್ಕೇರಿ ಕಡೆಯ ಒಬ್ಬ ಅಕ್ಕ

ತಂಗಿ, ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಮ್ಮವರು ಆರ್ಟಿಲರಿ. "ಮನಸ್ಸಿನ ಡಾಕ್ಟರ್" ಅಂದಾಗ ತಟ್ಟೆ ಒಗೆದರು. ನಾನು ಮೊದಲು ಒಬ್ಬಳೇ ಹೋಗಿ ಕೌನ್ಸೆಲರ್ ಮುಂದೆ ಎಲ್ಲ ಹೇಳಿಕೊಂಡೆ. ನನ್ನ ಎದೆ ಹಗುರ ಆದ ಮೇಲೆ ಮನೆಯಲ್ಲಿ ನನ್ನ ದನಿಯೇ ಬದಲಾಯಿತು. ಸಿಟ್ಟಿನಲ್ಲಿ ಕೇಳೋದು ಬಿಟ್ಟೆ. ಬೆಳಿಗ್ಗೆ ಚಹಾ ಕುಡಿಯುವಾಗ, ಅವರು ಕುಡಿದಿಲ್ಲದ ಹೊತ್ತಿನಲ್ಲಿ, "ಬಿಪಿ, ಶುಗರ್ ತೋರಿಸೋಣ, ನಿದ್ದೆ ಬಗ್ಗೆನೂ ಒಂದು ಮಾತು ಕೇಳೋಣ" ಅಂದೆ. ಅದಕ್ಕೆ ಬಂದರು. ಅಲ್ಲಿ ಡಾಕ್ಟರ್ "ಯಾವ ಯೂನಿಟ್?" ಅಂತ ಕೇಳಿದ್ದೇ ತಡ, ನಮ್ಮ ಹತ್ರ ಎಂದೂ ಹೇಳದ್ದನ್ನೆಲ್ಲ ಹೇಳಿದರು.

ಮಗಳನ್ನು ಮರೀಬೇಡ. "ನಿನ್ನಿಂದ ಅಪ್ಪಾಗ ಸಿಟ್ಟು ಬಂದಿಲ್ಲ" ಅಂತ ಅವಳಿಗೆ ಬಾಯಿ ಬಿಟ್ಟು ಹೇಳು. ಮಕ್ಕಳು ಎಲ್ಲ ತಪ್ಪೂ ತಮ್ಮದೇ ಅಂದುಕೊಳ್ಳುತ್ತವೆ. ಅತ್ತೆಯವರ ಜೊತೆ ಜಗಳ ಬೇಡ. ದೇವರಿಗೂ ಹೋಗಿ, ಆಸ್ಪತ್ರೆಗೂ ಹೋಗಿ.

ಹೊಲದ ತಕರಾರಿಗೆ ಒಂದು ದಾರಿ ಇದೆ. ಸೈನಿಕರ ಮನೆಯವರಿಗೆ ಉಚಿತ ಕಾನೂನು ನೆರವು ಕೊಡಲು 2025ರ ಜುಲೈನಲ್ಲಿ ನಾಲ್ಸಾದವರು (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ವೀರ ಪರಿವಾರ ಸಹಾಯತಾ ಯೋಜನೆ ಶುರು ಮಾಡಿದ್ದಾರೆ. ಸೈನಿಕ ಬೋರ್ಡಿನಲ್ಲಿ ಕೇಳು, ಇಲ್ಲಾ 15100ಕ್ಕೆ ಫೋನ್ ಮಾಡು. ಆ ಜಗಳ ತಣ್ಣಗಾದರೆ ಅವರ ತಲೆಯ ಅರ್ಧ ಭಾರ ಇಳಿಯುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಓದಿ ತುಂಬಾ ಅತ್ತೆ. ಬಂದೂಕಿನ ಮಾತನ್ನು ಅವರ ಪಲ್ಟನ್ನಿನ ಗೆಳೆಯರಿಂದ ಹೇಳಿಸಿದೆ, ಒಪ್ಪಿ ಜಮಾ ಮಾಡಿದರು. 14416ಕ್ಕೂ ಮಾತಾಡಿದೆ. ಆ ಕಡೆಯ ಹುಡುಗಿ ಎಲ್ಲ ಸಮಾಧಾನದಿಂದ ಕೇಳಿದಳು. ಈಗ ಒಂದು ತೊಡಕು. ನನಗೆ ಇಸಿಎಚ್‌ಎಸ್ ಕಾರ್ಡ್ ಆಗಿಲ್ಲ. ಪಿಪಿಒದಲ್ಲಿ, ಅಂದರೆ ಪೆನ್ಷನ್ ಆದೇಶ ಪತ್ರದಲ್ಲಿ, ತವರಿನ ಹೆಸರಿದೆ, ಆಧಾರ್‌ನಲ್ಲಿ ಬೇರೆ ಇದೆ.

ಉತ್ತರ: ನಿವೃತ್ತ ನರ್ಸಿಂಗ್ ಸುಬೇದಾರ್, ಖಾನಾಪುರ

ಬಂದೂಕು ಹೊರಗೆ ಹೋಯಿತಲ್ಲ, ದೊಡ್ಡ ಕೆಲಸ ಮಾಡಿದಿರಿ. ಹೆಸರಿನ ತೊಡಕು ಬಹಳ ಮನೆಗಳಲ್ಲಿದೆ, ಸರಿಪಡಿಸಬಹುದು. ಡಿಸ್ಚಾರ್ಜ್ ಬುಕ್, ಪಿಪಿಒ, ಇಬ್ಬರ ಆಧಾರ್, ಮದುವೆಯ ದಾಖಲೆ, ಜೋಡಿ ಫೋಟೊ ತಗೊಂಡು ಬೆಳಗಾವಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಹೋಗಿ. ಅಫಿಡವಿಟ್ ಹೇಗೆ ಬರೆಸಬೇಕು ಅಂತ ಅವರೇ ಹೇಳುತ್ತಾರೆ. ಸೈನಿಕರ ದಾಖಲೆ ಇಡುವ ಮರಾಠಾ ರೆಜಿಮೆಂಟಿನ ರೆಕಾರ್ಡ್ ಆಫೀಸ್ ಬೆಳಗಾವಿಯಲ್ಲೇ ಇರೋದರಿಂದ ನಿಮಗೆ ಬೇರೆ ರಾಜ್ಯಕ್ಕೆ ಅಲೆಯುವ ಕಷ್ಟವಿಲ್ಲ. ಯಜಮಾನರ ಸಹಿ ಬೇಕಾಗುತ್ತದೆ, ಅವರನ್ನೂ ಕರಕೊಂಡು ಹೋಗಿ. ಕಾಗದದ ಕೆಲಸಕ್ಕೆ ಅಂದರೆ ಅವರು ಬೇಡ ಅನ್ನಲಿಕ್ಕಿಲ್ಲ. ಅದೇ ದಿನ ಅವರ ಕಾರ್ಡ್ ಮೇಲೆ ಪಾಲಿಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ತೋರಿಸಿ, ನಿದ್ದೆಯ ಮಾತು ಎತ್ತಿ.

ನಿಮ್ಮ ಕಾರ್ಡ್ ಆಗೋ ತನಕ ಕಾಯಬೇಡಿ. ತಾಲೂಕು ಆಸ್ಪತ್ರೆಗೂ ಡಿಮ್ಹಾನ್ಸ್‌ಗೂ ಆ ಕಾರ್ಡ್ ಬೇಕಿಲ್ಲ.