ರಫ್ತಾಗುವ ಹಣ್ಣಿಗೆ ‘ಗುಣಮಟ್ಟ’ ಎಂಬ ಒಂದೇ ಪದ ಸಾಕೇ?

ಮಾನ್ಯರೇ,

ಹೊರದೇಶಗಳಿಗೆ ಮಾವು ಕಳುಹಿಸಬಯಸುವ ಕೋಲಾರದ ಕಡೆಯ ಬೆಳೆಗಾರರಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಪ್ಪತ್ತು ಪುಟ ಮುಗಿಸಿ ಹಿಂದಿರುಗಿ ಓದಿದಾಗ, ಮೂಲದ ಕ್ವಾಲಿಟಿ, ಸ್ಟ್ಯಾಂಡರ್ಡ್, ಗ್ರೇಡ್ ಎಂಬ ಮೂರು ಶಬ್ದಗಳಿಗೂ ನಾನು ‘ಗುಣಮಟ್ಟ’ ಎಂದೇ ಬರೆದಿರುವುದು ಕಂಡಿತು. ಇದು ನನ್ನೊಬ್ಬನ ಅಜಾಗರೂಕತೆಯೋ, ನಮ್ಮ ಬಳಕೆಯಲ್ಲೇ ಇರುವ ಗೊಂದಲವೋ ಎಂದು ಹುಡುಕುತ್ತ ಹೋದಂತೆ ಪ್ರಶ್ನೆ ದೊಡ್ಡದಾಗಿದೆ. ತಿಳಿದವರು ತಿದ್ದಬೇಕೆಂದು ಕೋರುತ್ತೇನೆ.

‘ಮಟ್ಟ’ ಕೆಲಸಗಾರರ ಪದ. ಗಾರೆ ಕೆಲಸದವರು ರಸಮಟ್ಟವಿಟ್ಟು ನೆಲದ ಮಟ್ಟ ನೋಡುತ್ತಾರೆ. ಹಾಗೆ ನೋಡಿದರೆ ‘ಗುಣಮಟ್ಟ’ ಎಂದರೆ ಗುಣ ಎಷ್ಟರ ಮಟ್ಟಿಗಿದೆ ಎಂದು ಅಳೆದಾಗ ದೊರೆತ ಉತ್ತರ; ಯಾವುದನ್ನಿಟ್ಟುಕೊಂಡು ಅಳೆದೆವೋ ಆ ಅಳತೆಗೋಲು ಬೇರೆಯೇ ಆಗಬೇಕು. ಸರ್ಕಾರಿ ಕನ್ನಡದಲ್ಲಿ ಈ ಗೆರೆ ಉಳಿದಿಲ್ಲ. ಬಿಐಎಸ್ ಸಂಸ್ಥೆಯನ್ನು ‘ಭಾರತೀಯ ಮಾನಕ ಬ್ಯೂರೋ’ ಎನ್ನುತ್ತೇವೆ, ಎಫ್‌ಎಸ್‌ಎಸ್‌ಎಐ ಅನ್ನು ‘ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ’ ಎನ್ನುತ್ತೇವೆ. ಎರಡರ ಮೂಲದಲ್ಲಿಯೂ ಇರುವುದು ಸ್ಟ್ಯಾಂಡರ್ಡ್ಸ್ ಎಂಬ ಒಂದೇ ಶಬ್ದ.

ಇದು ಬರಿಯ ಪದಗಳ ಅಚ್ಚುಕಟ್ಟಿನ ಪ್ರಶ್ನೆಯಾಗಿದ್ದರೆ ನಿಮ್ಮನ್ನು ತೊಂದರೆಪಡಿಸುತ್ತಿರಲಿಲ್ಲ. ತೊಡಕು ಹಣ್ಣು ತಿರಸ್ಕೃತವಾದಾಗ ಎದುರಾಗುತ್ತದೆ. ಐರೋಪ್ಯ ಒಕ್ಕೂಟವು 2014ರ ಮೇ 1ರಿಂದ ಭಾರತದ ಮಾವನ್ನೂ, ಅದರ ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವನ್ನೂ ತಡೆಹಿಡಿಯಿತು. ಹಿಂದಿನ ವರ್ಷ ಭಾರತದಿಂದ ಹೋದ ಹಣ್ಣು ತರಕಾರಿಗಳ 207 ರವಾನೆಗಳಲ್ಲಿ ಹಣ್ಣುನೊಣವೇ ಮೊದಲಾದ ಪೀಡೆಗಳು ಕಂಡುಬಂದದ್ದು ಕಾರಣ. (ಕೋಲಾರದ ಕಡೆ ಕೆಲವರು ರೇಷ್ಮೆಹುಳುವನ್ನು ಕಾಡುವ ಊಜಿ ನೊಣದ ಹೆಸರನ್ನೇ ಈ ನೊಣಕ್ಕೂ ಹೇಳುತ್ತಾರೆ, ಎರಡೂ ಬೇರೆ ಬೇರೆ ಕೀಟಗಳಾದ್ದರಿಂದ ಹೊತ್ತಗೆಯಲ್ಲಿ ಆ ಪದವನ್ನು ಬಿಟ್ಟಿದ್ದೇನೆ.) ಈ ಸಂಗತಿಯನ್ನು ‘ಕಳಪೆ ಗುಣಮಟ್ಟದ ಕಾರಣಕ್ಕೆ ನಿಷೇಧ’ ಎಂದು ಬರೆದರೆ ಓದುವ ಬೆಳೆಗಾರನು ತನ್ನ ಹಣ್ಣು ಸಣ್ಣದಾಯಿತೆಂದೋ, ಬಣ್ಣ ಸಾಲದಾಯಿತೆಂದೋ ತಿಳಿದುಕೊಳ್ಳುತ್ತಾನೆ. ಅಲ್ಲಿ ರುಚಿ, ಗಾತ್ರ, ಬಣ್ಣ ಯಾವುದರ ಪ್ರಶ್ನೆಯೂ ಇರಲಿಲ್ಲ. ಹಣ್ಣಿನೊಳಗೆ ಕುಳಿತು ಹೋದ ಮರಿಹುಳು ಆ ನಾಡಿನ ತೋಟಗಳಲ್ಲಿ ನೆಲೆಯೂರೀತೆಂಬ ಭಯವಿತ್ತು. ಆದ್ದರಿಂದಲೇ ಪರಿಹಾರವೂ ಆ ಬಗೆಯದು: ಹಣ್ಣನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಮುಳುಗಿಸಿಡುವುದು, ಸಸ್ಯ ಸಂರಕ್ಷಣಾ ಅಧಿಕಾರಿಗಳ ಕಣ್ಣೆದುರಿನಲ್ಲಿ ಮಾನ್ಯತೆ ಪಡೆದ ಪ್ಯಾಕ್‌ಹೌಸ್‌ನಲ್ಲಿಯೇ ಕಟ್ಟುವುದು. 2015ರ ಆರಂಭದಲ್ಲಿ ಮಾವಿನ ಮೇಲಿನ ತಡೆ ತೆರವಾಯಿತು. ಇದೇ ಮಾವಿಗೆ ಜಪಾನ್ ಬಿಸಿ ಹಬೆಯನ್ನು ಕೇಳುತ್ತದೆ, ಅಮೆರಿಕ 2007ರಿಂದ ವಿಕಿರಣವನ್ನು ಕೇಳುತ್ತಿದೆ. ಇವಾವುವೂ ಹಣ್ಣನ್ನು ಮೇಲ್ದರ್ಜೆಗೆ ಏರಿಸುವ ಕ್ರಮಗಳಲ್ಲ.

2010ರಲ್ಲಿ ದ್ರಾಕ್ಷಿಗೆ ಬಂದ ಸಂಕಟ ಇನ್ನೊಂದು ಬಗೆಯದು. ನೋಡಲು, ತಿನ್ನಲು ಕೊರತೆಯಿಲ್ಲದ ಹಣ್ಣಿನಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆ ಯೂರೋಪಿನ ಮಿತಿಗಿಂತ ಹೆಚ್ಚಿತ್ತೆಂದು ಸರಕು ಬಂದರುಗಳಲ್ಲಿ ಸಿಕ್ಕಿಬಿದ್ದಿತು. ಪ್ರತ್ಯೇಕ ಮಿತಿಯನ್ನು ಹೇಳಿರದ ಔಷಧಗಳಿಗೆ ಅಲ್ಲಿ ಸಾಮಾನ್ಯವಾಗಿ ಅನ್ವಯಿಸುವುದು ಕಿಲೋ ಒಂದಕ್ಕೆ 0.01 ಮಿಲಿಗ್ರಾಂ, ಎಂದರೆ 100 ಟನ್ ಹಣ್ಣಿನಲ್ಲಿ 1 ಗ್ರಾಂ. ಈ ಮಿತಿಗೆ ‘ಶೇಷಾಂಶ ಮಿತಿ’ ಎನ್ನುವುದಕ್ಕಿಂತ ‘ಉಳಿಕೆ ಮಿತಿ’ ಎಂಬುದೇ ನನಗೆ ಹಿತವೆನಿಸುತ್ತದೆ. ಸಿಂಪಡಿಸಿದ್ದರಲ್ಲಿ ಉಳಿದದ್ದು ಎಂಬ ಅರ್ಥ ಕೇಳಿದೊಡನೆ ಹೊಳೆಯುತ್ತದೆ.

ಕಾನೂನು ಹಣ್ಣನ್ನು ತಡೆಯುವ ಈ ಬಾಗಿಲುಗಳನ್ನು ಮೊದಲಿನಿಂದಲೂ ಬೇರೆಬೇರೆಯಾಗಿಯೇ ಇಟ್ಟಿದೆ. ಪೀಡೆಯ ವಿಷಯಕ್ಕೆ 1914ರ ಕಾಯ್ದೆಯಿದೆ. ದರ್ಜೆ ಮತ್ತು ಗುರುತಿನ ವಿಷಯಕ್ಕೆ, ಅಗ್‌ಮಾರ್ಕ್ ಮುದ್ರೆಗೆ ಆಧಾರವಾದ 1937ರ ಕಾಯ್ದೆಯಿದೆ. ರಫ್ತಿನ ಸರಕಿನ ತಪಾಸಣೆಗೆ 1963ರದು. 1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಗಳಲ್ಲಿಯೂ ಪೀಡೆ ಮತ್ತು ಉಳಿಕೆಗಳು ಒಂದು ಒಪ್ಪಂದದಡಿ, ಗಾತ್ರ ದರ್ಜೆಗಳಂಥವು ಇನ್ನೊಂದರಡಿ ಬರುತ್ತವೆ. ಕಾನೂನು ಇಷ್ಟು ಜತನದಿಂದ ಬಿಡಿಸಿಟ್ಟದ್ದನ್ನು ಅನುವಾದದಲ್ಲಿ ಒಂದೇ ಪದಕ್ಕೆ ತುರುಕುವುದು ಬೆಳೆಗಾರನಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಯಾವ ಬಾಗಿಲಿನಲ್ಲಿ ತನ್ನನ್ನು ತಡೆದರೆಂಬುದು ತಿಳಿಯದೆ ಮುಂದಿನ ಹಂಗಾಮಿಗೆ ಏನನ್ನು ತಿದ್ದಿಕೊಳ್ಳಬೇಕೆಂಬುದು ಅವನಿಗೆ ತಿಳಿಯುವುದಿಲ್ಲ.

ಆದ್ದರಿಂದ ಸ್ಟ್ಯಾಂಡರ್ಡ್‌ಗೆ ‘ಮಾನಕ’, ಗ್ರೇಡ್‌ಗೆ ‘ದರ್ಜೆ’ ಎಂದು ನಿಶ್ಚಯಿಸಿಕೊಂಡು, ‘ಗುಣಮಟ್ಟ’ವನ್ನು ಕ್ವಾಲಿಟಿಗೆ ಮಾತ್ರ ಉಳಿಸಿಕೊಳ್ಳಬೇಕೆಂದಿದ್ದೇನೆ. ‘ಮಾನಕ’ ರೈತರ ಬಾಯಲ್ಲಿಲ್ಲ ಎಂಬ ಆಕ್ಷೇಪ ನಿಜವೇ. ‘ದರ್ಜೆ’ಗೆ ಆ ತೊಂದರೆಯಿಲ್ಲ, ಆದರೆ ಅಲ್ಲಿಯೂ ಒಂದು ಎಚ್ಚರ ಬೇಕು. 2004ರ ಅಗ್‌ಮಾರ್ಕ್ ನಿಯಮಗಳಲ್ಲಿಯೂ ಅಂತರರಾಷ್ಟ್ರೀಯ ಮಾನಕಗಳಲ್ಲಿಯೂ ಇರುವ ‘ಎಕ್ಸ್‌ಟ್ರಾ ಕ್ಲಾಸ್’ ಅನ್ನು ‘ಹೆಚ್ಚುವರಿ ದರ್ಜೆ’ ಎಂದರೆ ಎಲ್ಲಕ್ಕಿಂತ ಮೇಲಿನದು ಕೊಸರಾಗಿ ಬಂದದ್ದರಂತೆ ಕೇಳಿಸುತ್ತದೆ. ‘ವಿಶೇಷ ದರ್ಜೆ’ ಎನ್ನುವುದು ಸರಿ. ಶಿವಮೊಗ್ಗದ ಅಡಕೆ ಪೇಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಒಂದೊಂದು ಬಗೆಗೂ ಅದರದೇ ಹೆಸರಿದೆ, ಅಂಕೆಯ ಹಂಗಿಲ್ಲ. ಮಾವಿಗೂ ಅಂಥ ಹೆಸರುಗಳು ಮಂಡಿಗಳಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಇನ್ನು ಸರಕಿನಲ್ಲಿ ಪೀಡೆಯಿಲ್ಲವೆಂದು ಅಧಿಕಾರಿಗಳು ಬರೆದುಕೊಡುವ, ರಫ್ತುದಾರರು ಚಿಕ್ಕದಾಗಿ ‘ಫೈಟೊ’ ಎನ್ನುವ ಫೈಟೊಸ್ಯಾನಿಟರಿ ಪ್ರಮಾಣಪತ್ರ. ಅದನ್ನು ‘ಸಸ್ಯನೈರ್ಮಲ್ಯ ಪ್ರಮಾಣಪತ್ರ’ ಎಂದು ಬರೆದರೆ ಹಣ್ಣು ತೊಳೆದರೆ ಸಾಕೆಂಬ ಭಾವನೆ ಬರುತ್ತದೆ. ‘ಸಸ್ಯ ಆರೋಗ್ಯ’ ಸ್ವಲ್ಪ ಮೇಲು, ಆದರೂ ಇಲ್ಲಿ ಕಾಪಾಡಹೊರಟಿರುವುದು ನಮ್ಮ ಮರದ ಆರೋಗ್ಯವನ್ನಲ್ಲ, ಆಮದು ಮಾಡಿಕೊಳ್ಳುವವರ ಮರಗಿಡಗಳ ಆರೋಗ್ಯವನ್ನು. ನಾನು ಸದ್ಯಕ್ಕೆ ‘ಪೀಡೆರಹಿತ ಪ್ರಮಾಣಪತ್ರ’ ಎಂದು ಬರೆದುಕೊಂಡಿದ್ದೇನೆ. ಪ್ರಮಾಣಪತ್ರವೆಂದೊಡನೆ ಗುಣವನ್ನು ಹೊಗಳುವ ಕಾಗದವೆಂದು ತಿಳಿಯಬಾರದು ಎಂಬುದಕ್ಕೆ ಬೆಂಗಳೂರು ಗುಲಾಬಿ ಈರುಳ್ಳಿಯೂ ಸಾಕ್ಷಿ: 2023ರ ಸೆಪ್ಟೆಂಬರಿನಲ್ಲಿ ಅದಕ್ಕೆ ರಫ್ತು ಸುಂಕದಿಂದ ವಿನಾಯಿತಿ ದೊರೆತಾಗ ರಾಜ್ಯದ ತೋಟಗಾರಿಕೆ ಆಯುಕ್ತರು ದೃಢೀಕರಿಸಬೇಕಾಗಿದ್ದುದು ಈರುಳ್ಳಿ ಅದೇ ತಳಿಯದೇ, ಪ್ರಮಾಣ ಎಷ್ಟು ಎಂಬುದನ್ನು ಮಾತ್ರ.

ನನ್ನನ್ನು ನಿಜವಾಗಿ ಸೋಲಿಸಿರುವ ಪದ ‘ಟಾಲರೆನ್ಸ್’. ವಿಶೇಷ ದರ್ಜೆಯೆಂದು ಗುರುತಿಸಿದ ಸರಕಿನಲ್ಲಿ, ಎಣಿಕೆಯಲ್ಲಾಗಲಿ ತೂಕದಲ್ಲಾಗಲಿ, ಶೇ 5ರಷ್ಟು ಹಣ್ಣು ಒಂದನೆಯ ದರ್ಜೆಯದಿದ್ದರೂ ನಡೆಯುತ್ತದೆ; ಒಂದನೆಯ ದರ್ಜೆಯಲ್ಲಿ ಶೇ 10ರಷ್ಟು ಎರಡನೆಯ ದರ್ಜೆಯದಿರಬಹುದು. ತಪಾಸಣೆಯ ನ್ಯಾಯವೆಲ್ಲ ಈ ಸಣ್ಣ ಪಾಲಿನ ಮೇಲೆ ನಿಂತಿದೆ. ನಿಘಂಟಿನ ‘ಸಹಿಷ್ಣುತೆ’ ಮನುಷ್ಯರ ನಡುವಿನ ಮಾತು. ‘ರಿಯಾಯಿತಿ’ ಬೆಲೆಗೆ ಸೇರಿದ್ದು. ‘ವಿನಾಯಿತಿ’ ಎಂದರೆ ನಿಯಮವೇ ಅನ್ವಯಿಸುವುದಿಲ್ಲವೆಂದಾಗುತ್ತದೆ. ಉತ್ತರ ಕರ್ನಾಟಕದ ಮಾರುಕಟ್ಟೆಗಳಲ್ಲಿ ತೂಕದಲ್ಲಿ ಮುರಿದುಕೊಳ್ಳುವುದಕ್ಕೆ ‘ಸೂಟು’ ಎನ್ನುತ್ತಾರೆ. ಅದು ಹತ್ತಿರ ಬರುತ್ತದೆಯಾದರೂ ದಿಕ್ಕು ತಿರುಗುಮುರುಗು: ಸೂಟು ಕೊಳ್ಳುವವನು ಮಾರುವವನಿಂದ ಕಳೆಯುವುದು, ಇದಾದರೋ ಮಾರುವವನಿಗೆ ನಿಯಮವೇ ಬಿಟ್ಟುಕೊಡುವುದು. ‘ಒಪ್ಪಿತ ಪಾಲು’ ಎಂದು ಹೊಸದಾಗಿ ಕಟ್ಟಿ ನೋಡಿದೆ. ಬೆಳೆಗಾರರೊಬ್ಬರು ಅದನ್ನು ಓದಿ ಲಾಭದಲ್ಲಿ ತಮಗೆ ಬರುವ ಪಾಲೇ ಎಂದು ಕೇಳಿದರು. ‘ಮನ್ನಿಸುವ ಮಿತಿ’ ಎಂದರೆ ಆ ತಪ್ಪುತಿಳಿವಳಿಕೆ ಬಾರದೆಂದು ತೋರುತ್ತದೆ, ಆದರೆ ಕೀಟನಾಶಕದ ‘ಉಳಿಕೆ ಮಿತಿ’ಯೊಡನೆ ಮತ್ತೊಂದು ಮಿತಿ ಬಂದು ಬೆರೆಯುವ ಅಪಾಯವಿದೆ. ನೂರಕ್ಕೆ ಇಷ್ಟು ಹಣ್ಣು ಕೆಳದರ್ಜೆಯದಿದ್ದರೂ ಸರಕು ತಿರಸ್ಕೃತವಾಗದು ಎಂಬಷ್ಟನ್ನು ಹೇಳುವ ಮಾತು ನಿಮ್ಮ ಊರಿನ ಪೇಟೆ, ಮಂಡಿ, ಗೋದಾಮುಗಳಲ್ಲಿ ಕೇಳಿದ್ದೀರಾ? ಎಲ್ಲಿ, ಯಾವ ಬೆಳೆಗೆ ಬಳಸುತ್ತಾರೆಂಬುದನ್ನೂ ಜೊತೆಗೆ ಬರೆದರೆ ಉಪಕಾರವಾಗುತ್ತದೆ.