ಲೊಹಿಕ್ಯಾರ್ಮೆ: ಡ್ರ್ಯಾಗನ್ ಹೆಸರಿನಲ್ಲಿ ಮೀನು ಯಾಕೆ?

ಫಿನ್ನಿಶ್ ಭಾಷೆಯಲ್ಲಿ ಡ್ರ್ಯಾಗನ್‌ಗೆ ಲೊಹಿಕ್ಯಾರ್ಮೆ ಅನ್ನುತ್ತಾರೆ. ಬಿಡಿಸಿದರೆ ಲೊಹಿ ಅಂದರೆ ಸಾಲ್ಮನ್ ಮೀನು, ಕ್ಯಾರ್ಮೆ ಅಂದರೆ ಹಾವು. ರೆಕ್ಕೆ ಬಡಿಯುತ್ತಾ ಬೆಂಕಿ ಉಗುಳುವ ಪ್ರಾಣಿಗೆ ಮೀನಿನ ನಂಟು ಎಲ್ಲಿಯದು? ಮೈಮೇಲಿನ ಹುರುಪೆ ನೋಡಿ ಹಾಗೆ ಕರೆದಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಈ ಲೊಹಿ ಮೀನೇ ಅಲ್ಲ.

ಫಿನ್‌ಲ್ಯಾಂಡ್ 1809ರವರೆಗೆ ಸ್ವೀಡನ್ ಆಳ್ವಿಕೆಯಲ್ಲಿತ್ತು. ಸ್ವೀಡಿಶ್ ಪದಗಳು ಫಿನ್ನಿಶ್‌ಗೆ ರಾಶಿ ರಾಶಿ ಬಂದಿವೆ. ಹಳೆಯ ಸ್ವೀಡಿಶ್‌ನಲ್ಲಿ ಫ್ಲೋಗ್‌ಡ್ರಾಕಿ ಅನ್ನುವ ಪದವಿತ್ತು, ಹಾರುವ ಡ್ರ್ಯಾಗನ್ ಅಂತ ಅರ್ಥ. ಫಿನ್ನಿಶ್ ಜನ ಡ್ರಾಕಿಯನ್ನು ಹಾವು ಅಂತ ಅನುವಾದ ಮಾಡಿಕೊಂಡರು. ಪದದ ಮೊದಲ ಭಾಗವಾದ ಫ್ಲೋಗ್ ಅನ್ನು ಮಾತ್ರ ಹಾಗೇ ಇಟ್ಟುಕೊಂಡರು. ಅದು ಅವರ ಬಾಯಲ್ಲಿ ಸವೆದು ಲೊಹಿ ಆಯಿತು. ಆಗಲೇ ಇದ್ದ ಮೀನಿನ ಹೆಸರಿನ ಜೊತೆ ಬೆರೆತೂ ಹೋಯಿತು.

ಫ ಎಲ್ಲಿ ಹೋಯಿತು ಅಂತ ಕೇಳಬಹುದು. ಹಳೆಯ ಫಿನ್ನಿಶ್‌ನಲ್ಲಿ ಪದದ ಮೊದಲಿಗೆ ಒತ್ತಕ್ಷರ ಬರುವಂತಿರಲಿಲ್ಲ. ಹೊರಗಿನ ಪದ ಬಂದರೆ ಕೊನೆಯ ವ್ಯಂಜನ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುತ್ತಿದ್ದರು. ಗಾಜಿಗೆ ಸ್ವೀಡಿಶ್‌ನಲ್ಲಿ ಗ್ಲಾಸ್, ಫಿನ್ನಿಶ್‌ನಲ್ಲಿ ಲಸಿ. ಕುರ್ಚಿಗೆ ಅಲ್ಲಿ ಸ್ಟೂಲ್, ಇಲ್ಲಿ ತುವೊಲಿ. ಸ್ಟಾಕ್‌ಹೋಮ್ ಊರಿಗೇ ತುಕ್‌ಹೊಲ್ಮ ಅನ್ನುತ್ತಾರೆ! ನಮಗೆ ಇದು ಹೊಸದಲ್ಲ. ಸ್ಥಾನ ನಮ್ಮಲ್ಲಿ ತಾಣ ಆಗಿದೆ. ಹಳ್ಳಿಗಳಲ್ಲಿ ಸ್ಟೇಷನ್ ಈಗಲೂ ಟೇಸನ್.

ನನಗೆ ಜಾಸ್ತಿ ಹಿಡಿಸಿದ್ದು ಇದರ ಎರಡನೆಯ ಭಾಗ. ಕ್ಯಾರ್ಮೆ ಕೂಡ ಅಚ್ಚ ಫಿನ್ನಿಶ್ ಪದವಲ್ಲ, ತುಂಬಾ ಹಿಂದೆ ಬಾಲ್ಟಿಕ್ ಭಾಷೆಗಳಿಂದ ಬಂದದ್ದು ಅಂತ ಭಾಷಾ ಪಂಡಿತರು ಹೇಳುತ್ತಾರೆ. ಬಾಲ್ಟಿಕ್ ಭಾಷೆಗಳಲ್ಲಿ ಒಂದಾದ ಲಿಥುವೇನಿಯನ್‌ನಲ್ಲಿ ಕಿರ್ಮಿಸ್ ಅಂದರೆ ಹುಳು. ಅದಕ್ಕೂ ಸಂಸ್ಕೃತದ ಕ್ರಿಮಿಗೂ ಬೇರು ಒಂದೇ. ಫಿನ್ನಿಶ್‌ಗೂ ಸಂಸ್ಕೃತಕ್ಕೂ ಯಾವ ಕುಲದ ನಂಟೂ ಇಲ್ಲ, ಕನ್ನಡಕ್ಕೂ ಇಲ್ಲ. ಆದರೂ ನಾವು ಕ್ರಿಮಿನಾಶಕ ಅಂದಾಗ ಬರುವ ಕ್ರಿಮಿ, ಅವರು ಹಾವು ಅನ್ನುವಾಗ ಬರುವ ಕ್ಯಾರ್ಮೆ, ಎರಡೂ ಒಂದೇ ಮೂಲದ ಎರವಲು.

ಈಗ ನನ್ನ ಪ್ರಶ್ನೆ. ಕನ್ನಡದಲ್ಲಿ ಇಂಥ ಜೋಡುಪದ ಯಾವುದಾದರೂ ಇದೆಯಾ? ಅರ್ಧ ಅನುವಾದ ಆಗಿರಬೇಕು. ಉಳಿದರ್ಧ ಬೇರೆ ಭಾಷೆಯದಾಗಿದ್ದೂ, ಕೇಳಿದವರಿಗೆ ಸಂಬಂಧವೇ ಇಲ್ಲದ ಯಾವುದೋ ಕನ್ನಡ ಪದದ ಹಾಗೆ ಕೇಳಿಸಬೇಕು. ಪೊಲೀಸ್ ಠಾಣೆಯಂಥವು ಸಾಲದು, ಅಲ್ಲಿ ಪೊಲೀಸ್ ಇನ್ನೂ ಪೊಲೀಸ್ ಆಗಿಯೇ ಇದೆ. ಊರಿನ ಹೆಸರು, ಗಿಡದ ಹೆಸರು, ತಿಂಡಿಯ ಹೆಸರು, ಯಾವುದಾದರೂ ಸರಿ. ಗೊತ್ತಿದ್ದವರು ದಯವಿಟ್ಟು ಬರೆಯಿರಿ.